ಬಲಭುಜ, ಎಡಹೊಟ್ಟೆ

ನಮ್ಮ ಮನೆಯಲ್ಲಿ ಗಂಡಸರು ಪೂಜೆಗೆ ಕೂತಾಗ ಮೈಮೇಲೆ ಅಂಗಿ ಇರುವುದಿಲ್ಲ. ಸೊಂಟಕ್ಕೆ ಮಡಿಪಂಚೆ, ಹೆಗಲಿಗೊಂದು ಉತ್ತರೀಯ, ಅಷ್ಟೇ. ಹಾಗಾಗಿ ಇವರ ಹೊಟ್ಟೆ ದಿನಾ ಬೆಳಿಗ್ಗೆ ನನ್ನ ಕಣ್ಣಿಗೆ ಬೀಳುತ್ತದೆ. ಇಷ್ಟು ವರ್ಷ ಅದನ್ನು ನೋಡಿಯೂ ನೋಡಿರಲಿಲ್ಲ. ಕಾರ್ತಿಕದ ಒಂದು ಬೆಳಿಗ್ಗೆ ಮಂಗಳಾರತಿ ಎತ್ತಲು ಇವರು ಎದ್ದು ನಿಂತರು. ಕೆಳಗಿನಿಂದ ದೀಪದ ಬೆಳಕು ಬಿತ್ತು. ಹೊಕ್ಕುಳಿನ ಎಡಗಡೆ ಹೊಟ್ಟೆ ಉಬ್ಬಿಕೊಂಡಿತ್ತು, ಬಲಗಡೆ ಚಪ್ಪಟೆಯಾಗಿತ್ತು. ಹೊಕ್ಕುಳೇ ಒಂದು ಪಕ್ಕಕ್ಕೆ ಎಳೆದ ಹಾಗಿತ್ತು. ಗಂಟೆ ಬಾರಿಸುತ್ತಿದ್ದ ನನ್ನ ಕೈ ನಿಂತುಹೋಯಿತು.

"ಯಾಕೆ, ಗಂಟೆ ಬಿದ್ದುಹೋಯ್ತಾ?" ಎಂದು ಇವರು ತಿರುಗಿ ನೋಡಿದರು.

ನಾನು ಮತ್ತೆ ಬಾರಿಸಿದೆ. ಬಾಯಲ್ಲಿ ಮಂತ್ರ, ತಲೆಯಲ್ಲಿ ನನ್ನ ಅಣ್ಣ. ಅವನಿಗೂ ಹೊಟ್ಟೆಯ ಒಂದು ಪಕ್ಕ ಹೀಗೇ ಉಬ್ಬಿತ್ತು. ಗ್ಯಾಸು, ಗ್ಯಾಸು ಎನ್ನುತ್ತ ಓಮದ ನೀರು ಕುಡಿದುಕೊಂಡು ದಿನ ತಳ್ಳಿದ. ಅದು ಹರ್ನಿಯಾ. ಕೊನೆಗೊಂದು ದಿನ ಕರುಳು ಅದರೊಳಗೆ ಸಿಕ್ಕಿಕೊಂಡು, ಕಿರುಚಾಡುವ ಮನುಷ್ಯನನ್ನು ಆಟೋದಲ್ಲಿ ಮಲಗಿಸಿಕೊಂಡು ಹೋಗಬೇಕಾಯಿತು. ಬದುಕಿದ, ಅದು ದೇವರ ದಯೆ. ಆದರೆ ಅವತ್ತು ಆಸ್ಪತ್ರೆಯ ಮೆಟ್ಟಿಲ ಮೇಲೆ ಅತ್ತಿಗೆ ಕೂತಿದ್ದ ರೀತಿಯನ್ನು ನಾನು ಮರೆತಿಲ್ಲ.

ತಿಂಡಿ ಬಡಿಸುವಾಗ ಕೇಳಿದೆ. "ರೀ, ನಿಮ್ಮ ಹೊಟ್ಟೆ ಎಡಗಡೆ ಊದಿದೆಯಲ್ರೀ?"

"ನಿನ್ನ ಕೈ ಉಪ್ಪಿಟ್ಟು ಎಡಗಡೆ ಹೋಗಿ ಕೂತಿರತ್ತೆ."

"ತಮಾಷೆ ಬೇಡ. ನಮ್ಮಣ್ಣನಿಗೆ ಆದ ಹಾಗೆ ಆದ್ರೆ?"

ಇವರು ತಟ್ಟೆ ನೋಡಿಕೊಂಡು ತಿಂದರು. ಆಗಲೇ ನನಗೆ ಗೊತ್ತಾಯಿತು, ಇದು ಇವರಿಗೆ ಹೊಸ ಸುದ್ದಿಯಲ್ಲ. ತಾವೇ ನೋಡಿಕೊಂಡಿದ್ದಾರೆ, ಹೇಳಿಲ್ಲ. ಯಾಕೆ ಹೇಳಿಲ್ಲ ಎಂಬುದನ್ನೂ ನಾನು ಯೋಚಿಸಬೇಕಾಗಿರಲಿಲ್ಲ.

ಚಾಮರಾಜಪೇಟೆಯ ನಮ್ಮ ಬೀದಿಯ ತುದಿಯಲ್ಲಿ ದೇವಸ್ಥಾನವಿದೆ. ಶನಿವಾರ ಸಂಜೆ ಸ್ವಾಮಿಯ ಪಲ್ಲಕ್ಕಿ ಗುಡಿಯ ಸುತ್ತ ಬರುತ್ತದೆ, ಮಾಘದ ಉತ್ಸವದಲ್ಲಿ ಸುತ್ತಲ ಬೀದಿಗಳಿಗೆಲ್ಲ ಹೋಗುತ್ತದೆ. ತೋಳಿನಷ್ಟು ದಪ್ಪದ ಎರಡು ಉದ್ದದ ಮರಗಳ ಮೇಲೆ ಪಲ್ಲಕ್ಕಿ ಕೂರುತ್ತದೆ. ಹೊರುವವರು ಮರದ ಹೊರಗಡೆ ನಿಂತು ಹೆಗಲು ಕೊಡುತ್ತಾರೆ. ಎಡಗಡೆಯ ಮರದ ಮುಂದಿನ ತುದಿ ಇವರದು. ಅದಕ್ಕೆ ಮೊದಲು ನಮ್ಮ ಮಾವನವರದು. ಆ ಜಾಗದಲ್ಲಿ ನಿಂತವರಿಗೆ ಭಾರ ಬೀಳುವುದು ಬಲಭುಜದ ಮೇಲೆ. ಇವರು ಹೊರಲು ನಿಂತ ದಿನದಿಂದ ನಾನು ಕಂಡಿರುವುದು ಅದೇ ಜಾಗ, ಅದೇ ಭುಜ. ಮಾವನವರು ಹೋದ ಮೇಲೆ ಇವರು ಅವರ ಕೈಗಡಿಯಾರ ಕಟ್ಟಲಿಲ್ಲ, ಕೋಟು ತೊಡಲಿಲ್ಲ. ಆ ಮರದ ತುದಿಯನ್ನು ಮಾತ್ರ ಬಿಡಲಿಲ್ಲ. ಡಾಕ್ಟರರ ಹತ್ತಿರ ಹೋದರೆ ಭಾರ ಎತ್ತಬೇಡಿ ಎನ್ನುತ್ತಾರೆ. ಆ ಮಾತು ಕಿವಿಗೆ ಬೀಳುವುದೇ ಇವರಿಗೆ ಬೇಕಿರಲಿಲ್ಲ.

ಕೆಲವು ದಿನಗಳ ಮೇಲೆ, ಬೆಳಿಗ್ಗೆ ಕಾಫಿ ಸೋಸುತ್ತಿದ್ದಾಗ ಹಿತ್ತಲಿನಿಂದ ಯಾರೋ ಮುಲುಕುವ ಸದ್ದು ಕೇಳಿಸಿತು. ಲೋಟ ಅಲ್ಲೇ ಬಿಟ್ಟು ಓಡಿದೆ. ಇವರು ಸ್ನಾನ ಮಾಡಿ, ಒದ್ದೆ ಪಂಚೆಯಲ್ಲಿ, ಒರಳಿನ ಪಕ್ಕದಲ್ಲಿ ನಿಂತಿದ್ದರು. ಬಲಗೈಯಲ್ಲಿ ರುಬ್ಬುಗುಂಡು. ಅದರ ಕುತ್ತಿಗೆ ಹಿಡಿದು ಇಳಿಬಿಟ್ಟುಕೊಂಡು ಬಲಕ್ಕೆ ಬಾಗುವುದು, ಮುಲುಕುತ್ತ ನೆಟ್ಟಗಾಗುವುದು, ಮತ್ತೆ ಬಾಗುವುದು.

"ಅಯ್ಯೋ ರಾಮ! ಏನ್ರೀ ಇದು?"

"ಎಕ್ಸರ್ಸೈಸು."

"ರುಬ್ಬುಗುಂಡಿನಲ್ಲಾ?"

"ಜಿಮ್ಮಿಗೆ ಹೋಗಿ ಕೇಳ್ಕೊಂಡು ಬಂದೆ ಕಣೇ. ಮೆಡಿಕಲ್ ಶಾಪಿನ ಮೇಲೆ ಇದೆಯಲ್ಲ, ಅಲ್ಲಿ. ಆ ಕೋಚು ನೋಡ್ದ. ಒಂದು ಸೈಡ್ ವೀಕ್ ಇದೆ ಅಂಕಲ್, ವೀಕ್ ಸೈಡಿಗೆ ವೆಯ್ಟ್ ಹಾಕಿ ಟ್ರೈನ್ ಮಾಡಿದ್ರೆ ಈಕ್ವಲ್ ಆಗತ್ತೆ ಅಂದ. ಅಲ್ಲಿ ಆ ಹುಡುಗರ ಮಧ್ಯೆ ಬನಿಯನ್ ಹಾಕ್ಕೊಂಡು ನಿಂತ್ಕೊಳಕ್ಕೆ ನಂಗೆ ನಾಚಿಕೆ. ಅದಕ್ಕೇ ಮನೇಲಿ."

"ಹರ್ನಿಯಾ ಆಗಿದ್ರೆ? ಭಾರ ಎತ್ತಬಾರದು ಅಲ್ವೇನ್ರೀ?"

"ಮಸಲ್ಲು ಕಣೇ ಇದು. ಮಸಲ್ಲು. ಬಲಗಡೆ ಸಣ್ಣಗಿದೆ, ಬಲಗೈಲಿ ಎತ್ತಿದ್ರೆ ಬೆಳೆಯತ್ತೆ. ಉತ್ಸವದ ಹೊತ್ತಿಗೆ ಸರಿಹೋಗತ್ತೆ."

"ಎರಡು ಕೈಲೂ ಎತ್ತಬೇಕೇನೋ, ಕೇಳಿದ್ರಾ?"

ಇವರು ನನ್ನನ್ನು ಒಂದು ಥರ ನೋಡಿದರು. "ಹಬ್ಬಕ್ಕೆ ನೈವೇದ್ಯದ ವಡೆಗೆ ರುಬ್ಬೋ ಗುಂಡು ಇದು. ಎಡಗೈಲಿ ಹಿಡೀತಾರಾ?"

ಅದು ಸರಿಯೇ ಅನ್ನಿಸಿತು ನನಗೆ. ನಮ್ಮತ್ತೆ ಇದ್ದಿದ್ದರೂ ಅದನ್ನೇ ಹೇಳುತ್ತಿದ್ದರು. ಸ್ನಾನ ಮಾಡಿಯೇ ಮುಟ್ಟಿದ್ದಾರಲ್ಲ, ಅಷ್ಟು ಬುದ್ಧಿ ಇದೆಯಲ್ಲ ಎಂದುಕೊಂಡು ಒಳಗೆ ಬಂದೆ. ಕಾಫಿ ಆರಿಹೋಗಿತ್ತು, ಮತ್ತೆ ಬಿಸಿ ಮಾಡಿದೆ.

ಅಲ್ಲಿಂದ ಮುಂದೆ ಹಿತ್ತಲ ಮುಲುಕು ನಮ್ಮ ಮನೆಯ ಸುಪ್ರಭಾತವಾಯಿತು. ನಾನು ಒಳಗೆ ಹೂವು ಬಿಡಿಸುತ್ತ ಒಂದೊಂದು ಮುಲುಕಿಗೂ ಉಸಿರು ಹಿಡಿಯುತ್ತಿದ್ದೆ. ಸದ್ದು ಒಂದು ಗಳಿಗೆ ತಡವಾದರೆ ಹಿತ್ತಲ ಬಾಗಿಲಿಗೆ ಹೋಗಿ ಇಣುಕುತ್ತಿದ್ದೆ. ಇವರು ದಿನಾ ಕನ್ನಡಿ ಮುಂದೆ ನಿಂತು ಪಕ್ಕಕ್ಕೆ ತಿರುಗಿ ನೋಡಿಕೊಳ್ಳುತ್ತಿದ್ದರು. ನಾನೂ ನೋಡುತ್ತಿದ್ದೆ, ಪೂಜೆಯ ಹೊತ್ತಿನಲ್ಲಿ. ದೇವರ ಮುಖ ನೋಡಬೇಕಾದ ಕಣ್ಣು ಇವರ ಹೊಟ್ಟೆಗೆ ಹೋಗುತ್ತಿತ್ತು, ಸ್ವಾಮಿ ಕ್ಷಮಿಸಬೇಕು. ಬಲಗಡೆ ಬೆಳೆದಂತೆ ಕಾಣಲಿಲ್ಲ. ಎಡಗಡೆಯೇ ಇನ್ನಷ್ಟು ಎದ್ದು ನಿಂತಿತ್ತು, ಮುಟ್ಟಿದರೆ ಗಟ್ಟಿ.

ಪುಷ್ಯ ಬರುವಷ್ಟರಲ್ಲಿ ನೋವೂ ಶುರುವಾಯಿತು. ಒಂದು ದಿನ ಇವರು ದೇವರಿಗೆ ಸಾಷ್ಟಾಂಗ ಹಾಕಿದವರು ಏಳಲಿಲ್ಲ. ಭಕ್ತಿ ಜಾಸ್ತಿಯಾಗಿದೆ ಎಂದುಕೊಂಡೆ. ಆಮೇಲೆ ನೋಡಿದರೆ ಎಡಗೈ ಹೊಟ್ಟೆಯ ಕೆಳಗೆ ಸಿಕ್ಕಿಕೊಂಡಿದೆ, ಮುಖ ನೆಲಕ್ಕೆ ಒತ್ತಿದೆ, ಹಲ್ಲು ಕಚ್ಚಿದ್ದಾರೆ.

"ಏಳಕ್ಕಾಗ್ತಿಲ್ವಾ?"

"ಸುಮ್ನಿರು. ಒಂದ್ನಿಮಿಷ."

ಭುಜ ಹಿಡಿದು ಎಬ್ಬಿಸಿದೆ. ಹಣೆಯ ಮೇಲೆ ಬೆವರು. ನನ್ನ ಕಣ್ಣ ಮುಂದೆ ಆಟೋ, ಅಣ್ಣ, ಅತ್ತಿಗೆ ಕೂತಿದ್ದ ಮೆಟ್ಟಿಲು ಎಲ್ಲ ಒಟ್ಟಿಗೆ ಬಂದವು. ಅವತ್ತು ನಾನು ಎಲೆ ಹಾಕಿ ಇವರಿಗೆ ಬಡಿಸಿದೆ, ನನಗೆ ಹಾಕಿಕೊಳ್ಳಲಿಲ್ಲ.

"ಏನು, ಏಕಾದಶಿನಾ ಇವತ್ತು?"

"ನೀವು ಡಾಕ್ಟ್ರ ಹತ್ರ ಬರೋವರ್ಗೂ ನಂಗೆ ದಿನಾ ಏಕಾದಶಿ."

"ಹೆದರಿಸ್ತೀಯಾ?"

"ಹೆದರಿರೋದು ನಾನು ರೀ. ನೀವಲ್ಲ."

ಇವರು ಬಹಳ ಹೊತ್ತು ಅನ್ನ ಕಲಸಿದರು. ಕಲಸಿದ ಅನ್ನವನ್ನೇ ಮತ್ತೆ ಕಲಸಿದರು. "ಹೊರಬೇಡಿ ಅಂದ್ಬಿಟ್ರೆ?" ಎಂದರು ಕೊನೆಗೆ. ದನಿ ಚಿಕ್ಕದಾಗಿತ್ತು. "ಒಂದು ವರ್ಷ ಬಿಟ್ರೂ ಬೇರೆಯವರು ನಿಂತ್ಕೋತಾರೆ ಕಣೇ. ನಿಂತವರನ್ನ ಏಳ್ರಿ ಅನ್ನಕ್ಕಾಗತ್ತಾ? ಅಪ್ಪನ ಜಾಗ ಹೋಗತ್ತೆ."

ನಾನು ಹುಳಿಯ ಸೌಟು ಕೆಳಗಿಟ್ಟೆ. "ಜಾಗ ಇದ್ದು ನೀವೇ ಇಲ್ದಿದ್ರೆ?" ಎಂದೆ. ಆಡಬಾರದ ಮಾತು, ಊಟದ ಹೊತ್ತು ಬೇರೆ. ಆದರೆ ಆ ಮಾತಿಗೇ ಇವರು ಹೊರಟರು.

ಬಸವನಗುಡಿಯ ನರ್ಸಿಂಗ್ ಹೋಮು. ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ಒಳಗೆ ಹಾಸಿಗೆಯ ಮೇಲೆ ಮಲಗಿಸಿ ಪರದೆ ಎಳೆದರು. ನಾನು ಪರದೆಯ ಈಚೆ. "ಕೆಮ್ಮಿ," ಎಂದರು. ಇವರು ಕೆಮ್ಮಿದರು. "ಜೋರಾಗಿ." ಮತ್ತೆ ಕೆಮ್ಮಿದರು. "ತಲೆ ಎತ್ತಿ. ಹಾಗೇ ಇರಿ." ನನ್ನ ಸೆರಗಿನ ತುದಿ ಕೈಯಲ್ಲಿ ಹಗ್ಗವಾಗಿತ್ತು. ಡಾಕ್ಟರು ಆಚೆ ಬಂದು ಕೈ ತೊಳೆದುಕೊಂಡು, "ಕೈಗೆ ಏನೂ ಸಿಕ್ತಿಲ್ಲ. ಆದ್ರೂ ಸ್ಕ್ಯಾನ್ ಮಾಡಿಸೋಣ," ಎಂದರು. ಏನೂ ಸಿಗುತ್ತಿಲ್ಲ ಎಂದ ಮೇಲೆ ಸ್ಕ್ಯಾನ್ ಯಾಕೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಸ್ಕ್ಯಾನಿನ ಕೋಣೆಯ ಹೊರಗೆ ಕೂತು ವಿಷ್ಣು ಸಹಸ್ರನಾಮ ಹೇಳಿಕೊಂಡೆ. ಬಾಯಿಪಾಠ ಬರುವುದು ಅವತ್ತು ಎಲ್ಲೆಲ್ಲೋ ತಪ್ಪಿತು. ತಪ್ಪಿದಲ್ಲಿಂದ ಮತ್ತೆ ಹಿಂದೆ ಹೋಗಿ ಹೇಳಿದೆ. ಒಳಗಿನಿಂದ "ಕೆಮ್ಮಿ ಸರ್" ಎಂದು ಇನ್ನೊಂದು ದನಿ ಕೇಳುತ್ತಿತ್ತು, ಇವರ ಕೆಮ್ಮು ಕೇಳುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಯಾರೋ ಹೆಂಗಸು ನನ್ನ ಮುಖ ನೋಡಿ, ಕೇಳದೆಯೇ ತನ್ನ ನೀರಿನ ಬಾಟಲಿ ಕೊಟ್ಟಳು. ಅವಳು ಚೆನ್ನಾಗಿರಲಿ.

ಹರ್ನಿಯಾ ಇರಲಿಲ್ಲ. ರಿಪೋರ್ಟು ನೋಡಿ ಡಾಕ್ಟರು ಹಾಗೆಂದಾಗ ನನಗೆ ಮೊದಲು ಬಂದದ್ದು ಹಸಿವು. ಕಂಡಾಪಟ್ಟೆ ಹಸಿವು. "ಎರಡು ಕಡೆ ಮಸಲ್ಲು ಒಂದೇ ಸಮ ಇಲ್ಲ. ಎಡಗಡೆದು ದಪ್ಪ ಇದೆ, ಉಳುಕೂ ಇದೆ. ಮೇಲೆ ಫಿಜಿಯೋಥೆರಪಿಯವರನ್ನ ನೋಡ್ಕೊಂಡು ಹೋಗಿ," ಎಂದರು.

ಮೇಲೆ ಇದ್ದವಳು ನಮ್ಮ ಮಗಳ ವಯಸ್ಸಿನ ಹುಡುಗಿ. ಇವರನ್ನು ಅಂಗಿ ತೆಗೆಸಿ ನಿಲ್ಲಿಸಿ ಹಿಂದಿನಿಂದ, ಮುಂದಿನಿಂದ ನೋಡಿದಳು. "ಏನು ಎಕ್ಸರ್ಸೈಸ್ ಮಾಡ್ತಿದೀರಿ ಸರ್?" ಎಂದು ಕೇಳಿದಳು. ಇವರು ಹೇಳಲಿಲ್ಲ. ನಾನು ಹೇಳಿದೆ. ರುಬ್ಬುಗುಂಡು ಎಂದಾಗ ಅವಳು ನಗು ತಡೆಯಲು ಕಿಟಕಿಯ ಕಡೆ ತಿರುಗಿದಳು.

"ಯಾವ ಕೈಲಿ?"

"ಬಲಗೈಲಿ. ಎಡಗೈಲಿ ಅದನ್ನ ಮುಟ್ಟಲ್ಲಮ್ಮ ನಮ್ಮಲ್ಲಿ."

ಅವಳು ನನ್ನ ಚೀಲ ತೆಗೆದು ಇವರ ಬಲಗೈಗೆ ಕೊಟ್ಟಳು. ಬೆಳಿಗ್ಗೆ ಮಾರ್ಕೆಟ್ಟಿನಿಂದ ತಂದ ಕುಂಬಳಕಾಯಿ ಹೋಳು ಅದರಲ್ಲೇ ಇತ್ತು. "ಎಡಗೈನ ನಿಮ್ಮ ಹೊಟ್ಟೆ ಎಡಗಡೆ ಇಡಿ ಸರ್. ಈಗ ಚೀಲದ ಕಡೆ ಬಾಗಿ, ಎದ್ದೇಳಿ. ಎಲ್ಲಿ ಬಿಗಿ ಆಯ್ತು?"

ಇವರು ಎದ್ದರು. ಮುಖ ಪೆಚ್ಚಾಯಿತು. "ಎಡಗಡೆ," ಎಂದರು.

"ಹೂಂ. ಭಾರ ಬಲಗಡೆ ಎಳೆದ್ರೆ ನಿಮ್ಮನ್ನ ನೆಟ್ಟಗೆ ಹಿಡಿಯೋದು ಎಡಗಡೆ ಮಸಲ್ಲು. ಇಷ್ಟು ದಿನ ದಪ್ಪ ಇರೋದನ್ನೇ ಇನ್ನೂ ಬೆಳೆಸಿದೀರಿ. ಅದಕ್ಕೇ ಅದು ಮುನಿಸ್ಕೊಂಡಿದೆ."

ಇವರು ನನ್ನ ಮುಖ ನೋಡಿದರು, ನಾನು ಇವರ ಮುಖ ನೋಡಿದೆ. ಮಡಿ ಕಾಪಾಡಿದ್ದು ನಾವಿಬ್ಬರೂ.

"ಸರಿಯಾದ ಎಕ್ಸರ್ಸೈಸ್ ಮಾಡಿದ್ರೆ ಸಮ ಆಗತ್ತೇನಮ್ಮ?" ಎಂದು ನಾನು ಕೇಳಿದೆ.

ಅವಳು ಸುಳ್ಳು ಹೇಳಲಿಲ್ಲ, ಅದಕ್ಕೇ ನನಗೆ ಹಿಡಿಸಿದಳು. "ಯಾರದ್ದೂ ಎರಡೂ ಕಡೆ ಒಂದೇ ಥರ ಇರಲ್ಲ ಆಂಟಿ. ಹುಟ್ಟಿದಾಗ ಬಂದ ಆಕಾರ ಯಾವ ಎಕ್ಸರ್ಸೈಸಿಗೂ ಬದಲಾಗಲ್ಲ. ಅಭ್ಯಾಸದಿಂದ ಬಂದಿದ್ದು ಸ್ವಲ್ಪ ಸರಿಹೋಗತ್ತೆ. ಎರಡೂ ಕಡೆ ಶಕ್ತಿ ಸಮ ಮಾಡ್ಬಹುದು, ನೋವು ಕಡಿಮೆ ಆಗತ್ತೆ. ನೋಡಕ್ಕೂ ಪೂರ್ತಿ ಸಮ ಆಗತ್ತೆ ಅಂತ ನಾನು ಮಾತು ಕೊಡಲ್ಲ." ಅಷ್ಟು ಹೇಳಿ ಇವರ ಬಲಭುಜದ ಮೇಲೆ ಬೆರಳಿಟ್ಟಳು. ಅಲ್ಲಿ ಚರ್ಮ ಕಪ್ಪಾಗಿ ಕಾಯಿಕಟ್ಟಿತ್ತು. "ಇಲ್ಲೇನು ಹೊರ್ತೀರಿ?"

ಪಲ್ಲಕ್ಕಿಯ ವಿಷಯ ಇವರೇ ಹೇಳಿದರು. ಅವಳು ಪೂರ್ತಿ ಕೇಳಿಸಿಕೊಂಡಳು. ಎರಡು ವಾರ ಏನೂ ಹೊರಬಾರದು. ಆಮೇಲೆ ನೋವಿಲ್ಲದಿದ್ದರೆ ಹೊರಬಹುದು, ಆದರೆ ಬಲಭುಜದ ಮೇಲೆ ಮಾತ್ರ ಬೇಡ. ಅದೇ ಭುಜ ಕೊಡುತ್ತಾ ಹೋದರೆ ಬೆಳಿಗ್ಗೆ ಮಾಡಿದ್ದು ಸಂಜೆ ಕೆಡುತ್ತದೆ ಎಂದಳು. ಅಂಗಾತ ಮಲಗಿ ಒಂದು ಕೈ, ಅದರ ಎದುರಿನ ಕಾಲು ನಿಧಾನವಾಗಿ ಚಾಚುವುದು, ಮೊಣಕಾಲು ಮಡಿಸಿ ಪಕ್ಕಕ್ಕೆ ಮಲಗಿ ಸೊಂಟ ಎತ್ತುವುದು, ಉಸಿರು ಕಟ್ಟದಿರುವುದು. ಇಷ್ಟೇ ಕಲಿಸಿದಳು. ಅವಳು ಹೇಳಿದ ಹಾಗೇ ಆಯಿತು. ಇದನ್ನು ಬರೆಯುವಾಗಲೂ ಇವರ ಹೊಟ್ಟೆ ನೋಡಲು ಪೂರ್ತಿ ಸಮವಾಗಿಲ್ಲ. ಆದರೆ ಆ ನೋವು ಒಂದೊಂದೇ ದಿನ ಇಳಿಯಿತು, ಸಾಷ್ಟಾಂಗದಿಂದ ಇವರು ತಾವೇ ಏಳತೊಡಗಿದರು.

ಭುಜದ ಪಾಡೇ ಬೇರೆ. ಎಡಭುಜ ಕೊಡಬೇಕೆಂದರೆ ಬಲಗಡೆಯ ಮರಕ್ಕೆ ಹೋಗಬೇಕು. ಅದರ ಮುಂದಿನ ತುದಿ ಮೇಷ್ಟ್ರದು. ಅವರು ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತರಾದವರು, ಇವರಿಗಿಂತ ಹಿರಿಯರು. ಅವರದ್ದೂ ಅವರ ತಂದೆಯ ಜಾಗವೇ. ನಮ್ಮ ದೇವಸ್ಥಾನದಲ್ಲಿ ಒಬ್ಬರ ಜಾಗ ಇನ್ನೊಬ್ಬರು ಕೇಳುವುದಿಲ್ಲ. ಹಿಂದೊಮ್ಮೆ ಯಾರೋ ಗೊತ್ತಿಲ್ಲದೆ ಬೇರೆಯವರ ಮರ ಹಿಡಿದು, ಎರಡು ಮನೆಯವರು ಒಬ್ಬರನ್ನೊಬ್ಬರು ಊಟಕ್ಕೆ ಕರೆಯುವುದನ್ನೇ ಬಿಟ್ಟಿದ್ದರು.

"ಮೇಷ್ಟ್ರನ್ನ ಕೇಳ್ರೀ," ಎಂದೆ.

"ಏನಂತ? ನಂಗೆ ಹೊಟ್ಟೆ ಸೊಟ್ಟ ಆಗಿದೆ, ನಿಮ್ಮಪ್ಪನ ಜಾಗ ಕೊಡಿ ಅಂತಲಾ?"

"ನಾನು ಕೇಳ್ಲಾ?"

"ನೀನು ಬಾಯಿ ಬಿಟ್ಟಿಯೋ ನೋಡು. ಹೊತ್ರೆ ಅಪ್ಪನ ಜಾಗದಲ್ಲಿ ಹೊರ್ತೀನಿ."

ಉತ್ಸವದವರೆಗೆ ಮನೆಯಲ್ಲಿ ಮಾತು ಉಪ್ಪು-ಹುಳಿಗೆ ಮಾತ್ರ ಉಳಿಯಿತು. ವ್ಯಾಯಾಮ ತಪ್ಪಿಸಲಿಲ್ಲ, ಅದೊಂದು ಪುಣ್ಯ. ಶನಿವಾರಗಳಂದು ನೆಗಡಿ ಎಂದು ಹೇಳಿ ಪಲ್ಲಕ್ಕಿಗೆ ಹೋಗಲಿಲ್ಲ. ಭುಜದ ಸುದ್ದಿ ಎತ್ತಿದರೆ ಎದ್ದು ಹೋಗುತ್ತಿದ್ದರು.

ಆ ದಿನ ಸಂಜೆ ದೇವಸ್ಥಾನದ ಅಂಗಳ ತುಂಬಿತ್ತು. ಓಲಗದವರು ಶ್ರುತಿ ಹಿಡಿಯುತ್ತಿದ್ದರು. ಸ್ವಾಮಿ ಅಲಂಕಾರವಾಗಿ ಪಲ್ಲಕ್ಕಿಯಲ್ಲಿ ಕೂತಿದ್ದ, ಕೊರಳ ತುಂಬ ಸುಗಂಧರಾಜ. ಹೊರುವವರು ತಮ್ಮ ತಮ್ಮ ಜಾಗಕ್ಕೆ ಬಂದರು. ಇವರು ಎಡಗಡೆಯ ಮರದ ಮುಂದೆ ನಿಂತು ಉತ್ತರೀಯವನ್ನು ಸುರುಳಿ ಸುತ್ತಿದರು. ಬಲಭುಜದ ಮೇಲೆ ಇಟ್ಟುಕೊಂಡರು. ನಾನು ಹೆಂಗಸರ ಸಾಲಿನಲ್ಲಿದ್ದೆ. ಅರ್ಚಕರು "ಎತ್ತಿ" ಎನ್ನಲು ಬಾಯಿ ತೆರೆಯುವುದು ಕಂಡಿತು. ಸಾಷ್ಟಾಂಗದಲ್ಲಿ ನೆಲಕ್ಕೊತ್ತಿದ ಆ ಮುಖವೂ ಕಂಡಿತು. ನನ್ನ ಕಾಲು ಮುಂದೆ ಹೋಗಿಬಿಟ್ಟಿತ್ತು.

"ಮೇಷ್ಟ್ರೇ," ಎಂದೆ. ಅಷ್ಟು ಜನರ ನಡುವೆ ನನ್ನ ದನಿ ನನಗೇ ಹೊಸದಾಗಿತ್ತು.

"ಏನಮ್ಮಾ?"

"ಇವರಿಗೆ ಹೊಟ್ಟೆ ಎಡಗಡೆ ಉಳುಕಿದೆ. ಬಲಭುಜದ ಮೇಲೆ ಹೊರಬಾರದು ಅಂದಿದ್ದಾರೆ. ಇವರು ಕೇಳಲ್ಲ, ಅದಕ್ಕೇ ನಾನು ಕೇಳ್ತಿದೀನಿ. ಇವತ್ತೊಂದಿನ ನಿಮ್ಮ ಜಾಗ ಬಿಟ್ಟುಕೊಡ್ತೀರಾ?"

ಓಲಗ ಕೂಡ ನಿಂತಿತು. ಇವರ ಕಿವಿ ಕೆಂಪಾಗಿತ್ತು. ನನ್ನ ಕಡೆ ನೋಡಲಿಲ್ಲ, ಸ್ವಾಮಿಯ ಕಡೆಯೂ ನೋಡಲಿಲ್ಲ, ನೆಲ ನೋಡುತ್ತಿದ್ದರು. ಮೇಷ್ಟ್ರು ಒಮ್ಮೆ ಇವರನ್ನು, ಒಮ್ಮೆ ತಮ್ಮ ಮರವನ್ನು ನೋಡಿದರು. ಇನ್ನು ನಮ್ಮ ಎರಡು ಮನೆಗಳೂ ಊಟಕ್ಕೆ ಕರೆಯುವುದಿಲ್ಲ ಎಂದುಕೊಂಡೆ.

ಮೇಷ್ಟ್ರು ತಮ್ಮ ಉತ್ತರೀಯ ಸರಿಸಿದರು. ಹೊಟ್ಟೆಗೆ ಅಗಲವಾದ ಬೆಲ್ಟು ಸುತ್ತಿತ್ತು. ಅದರ ಪಟ್ಟಿ ಚರ್ ಎಂದು ಬಿಚ್ಚಿ, "ನೋಡಯ್ಯಾ ಇಲ್ಲಿ," ಎಂದರು ಇವರಿಗೆ.

ಅವರ ಹೊಟ್ಟೆ ಬಲಗಡೆ ಉಬ್ಬಿತ್ತು. ಎಡಗಡೆ ಚಪ್ಪಟೆ.

"ನಿಂದು ಆ ಕಡೆ ಹೊರಟ್ರೆ ನಂದು ಈ ಕಡೆ ಹೊರಟಿದೆ. ಹರ್ನಿಯಾ ಅಲ್ಲ ಅಂತ ಡಾಕ್ಟ್ರು ಹೇಳಿ ಆಗಿದೆ. ಭುಜ ಬದಲಾಯಿಸಿ ಅಂದ್ರು. ನಿನ್ನ ಕೇಳೋಣ ಅಂತ ಎಷ್ಟೋ ಸಲ ನಿಮ್ಮ ಮನೆ ಗೇಟಿನ ತನಕ ಬಂದು ವಾಪಸ್ ಹೋಗಿದೀನಿ ಕಣಯ್ಯಾ. ನಿಮ್ಮಪ್ಪ ನಿಂತಿದ್ದ ಜಾಗ. ಹೆಂಗೆ ಕೇಳೋದು?"

ಇವರು ಬಲಭುಜದ ಮೇಲಿದ್ದ ಸುರುಳಿಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಇಬ್ರೂ ಹೊಟ್ಟೆ ಆಮೇಲೆ ತೋರಿಸ್ಕೊಳಿ," ಎಂದರು ಅರ್ಚಕರು. "ಯಾರು ಯಾವ ಕಡೆ? ಹೊತ್ತಾಯ್ತು."

ಇವರು ಪಲ್ಲಕ್ಕಿಯ ಮುಂದಿನಿಂದ ಸುತ್ತಿ ಬಲಗಡೆಗೆ ಹೋದರು. ಮೇಷ್ಟ್ರು ಎಡಗಡೆಗೆ ಬಂದರು. ಎದುರುಬದುರು ಬಂದಾಗ ಒಬ್ಬರ ಕೈ ಒಬ್ಬರು ಮುಟ್ಟಿಕೊಂಡರೋ ಇಲ್ಲವೋ ನನಗೆ ಕಾಣಲಿಲ್ಲ. "ಎತ್ತಿ!" ಎಂದರು ಅರ್ಚಕರು. ಪಲ್ಲಕ್ಕಿ ಎದ್ದಿತು, ಎದ್ದದ್ದೇ ಮುಂದಕ್ಕೆ ವಾಲಿತು. ಅಭ್ಯಾಸವಿಲ್ಲದ ಎರಡು ಭುಜಗಳು. ಸ್ವಾಮಿಯ ಛತ್ರಿ ಓರೆಯಾಯಿತು, ಹೆಂಗಸರ ಸಾಲು ಒಟ್ಟಿಗೆ ಹಾ ಎಂದಿತು. ನನ್ನಿಂದ ಏನಾಗಿಹೋಯಿತು ತಂದೆ ಎಂದುಕೊಂಡೆ. "ಉಸಿರು ಬಿಡ್ರೀ! ಉಸಿರು ಕಟ್ಟಬೇಡಿ!" ಎಂದು ಕೂಗಿದೆ. ಎಲ್ಲಿ ಕಲಿತೆನೋ ಆ ಧೈರ್ಯ. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಛತ್ರಿ ನೆಟ್ಟಗಾಯಿತು. ಓಲಗ ಶುರುವಾಯಿತು.

ನಾನು ಅಡ್ಡರಸ್ತೆಯಿಂದ ಓಡಿ ಮನೆ ಸೇರಿ, ಆರತಿ ತಟ್ಟೆ ಹಿಡಿದು ಗೇಟಿಗೆ ಬಂದೆ. ಪಲ್ಲಕ್ಕಿ ನಮ್ಮ ಬೀದಿಗೆ ತಿರುಗಿತು. ಕಾಂಕ್ರೀಟು ಹಾಕಲು ಅಗೆದು ಬಿಟ್ಟ ಜಾಗದಲ್ಲಿ ನಿಧಾನವಾಗಿ ಬಳಸಿ ಬಂತು. ಪ್ರತಿ ವರ್ಷ ನಮ್ಮ ಗೇಟಿನ ಮುಂದೆ ನಿಂತಾಗ ಇವರು ನನ್ನ ಕಡೆಗೇ ಇರುತ್ತಿದ್ದರು. ಈ ಸಲ ಹತ್ತಿರ ಮೇಷ್ಟ್ರು, ಇವರು ಆಚೆ. ಹೂವಿನ ಅಲಂಕಾರದ ಮಧ್ಯೆ ಇವರ ನೆತ್ತಿ ಮಾತ್ರ ಕಾಣುತ್ತಿತ್ತು. ಕೋಪವಿದೆಯೋ ನೋವಿದೆಯೋ ಮುಖ ನೋಡಿ ತಿಳಿಯೋಣವೆಂದರೆ ಮುಖವೇ ಕಾಣದು.

ತಡೆಯಲಾಗಲಿಲ್ಲ. ಸ್ವಾಮಿಯ ಆಚೆಗೆ ಕೇಳುವ ಹಾಗೆ, "ನೋಯ್ತಿದೆಯೇನ್ರೀ?" ಎಂದೆ.

ಅರ್ಚಕರು ಕಣ್ಣು ಬಿಟ್ಟರು. ಆಚೆಯಿಂದ, ವಾರಗಳ ನಂತರ ಉಪ್ಪು-ಹುಳಿಯಲ್ಲದ ಮಾತು ಬಂತು.

"ಇಲ್ಲ ಕಣೇ. ಮೊದಲು ಆರತಿ ಎತ್ತು, ಸ್ವಾಮಿ ಕಾಯ್ತಿದಾನೆ."

"ಬೇಗ ಎತ್ತಮ್ಮಾ," ಎಂದರು ಈಚೆಯಿಂದ ಮೇಷ್ಟ್ರು. "ಕಾಯ್ತಿರೋದು ನಾವೂನೂ."

ಕಡ್ಡಿ ಗೀರಿದೆ. ಕರ್ಪೂರ ಒಂದೇ ಕಡ್ಡಿಗೆ ಹತ್ತಿಕೊಂಡಿತು.